ಮೂರು ಸಲ ಕೇಳುವ ಫ್ರೌಕೆ

ಎಮ್ಡೆನ್‌ನ ಬಸ್ ಡಿಪೋದಲ್ಲಿ ಇನ್ನೂ ಪೂರ್ತಿ ಬೆಳಕಾಗಿಲ್ಲ. ಬಂದರಿನ ಕಡೆಯಿಂದ ಬೀಸುವ ಗಾಳಿಗೆ ಬೆನ್ನು ಕೊಟ್ಟು ಫ್ರೌಕೆ ಓಲ್ಟ್‌ಮನ್ಸ್ ತಮ್ಮ ಬಸ್ಸಿನ ಕನ್ನಡಿ ಒರೆಸುತ್ತಿದ್ದಾರೆ. ಒರೆಸಿದ್ದನ್ನೇ ಮತ್ತೆ ಒರೆಸುತ್ತಾರೆ. ಅವರ ಮನಸ್ಸು ಕನ್ನಡಿಯ ಮೇಲಿಲ್ಲ.

"ಇವತ್ತು ತಮ್ತಾಳ ಫಲಿತಾಂಶ," ಎನ್ನುತ್ತಾರೆ, ಊರಿನ ಪತ್ರಿಕೆಗೆ ಬರೆಯಲು ಬಂದ ನನಗೆ. "ಸೀಟು ಸಿಕ್ಕಿದ್ರೆ ಇಲ್ಲೇ. ಇಲ್ಲಾಂದ್ರೆ ಮುಂದಿನ ವಾರ ಹುಡುಗಿ ಗಂಟುಮೂಟೆ ಕಟ್ಬೇಕು."

ತಮ್ತಾ ಜಾರ್ಜಿಯಾ ದೇಶದ ಕುಟಾಯಿಸಿಯವಳು. ಓ-ಪೇರ್ ಆಗಿ ಬಂದವಳು. ಅಂದರೆ ಪರದೇಶದ ಮನೆಯೊಂದರಲ್ಲಿ ಮನೆಮಗಳಂತೆ ಇದ್ದು, ಅಲ್ಲಿನ ಮಗುವನ್ನು ನೋಡಿಕೊಂಡು, ಅಲ್ಲಿನ ಭಾಷೆ ಕಲಿಯುವವಳು. ಒಂದು ವರ್ಷದ ಪರವಾನಗಿ ಈ ತಿಂಗಳಿಗೆ ಮುಗಿಯುತ್ತದೆ. ನರ್ಸಿಂಗ್ ಶಾಲೆಯಲ್ಲಿ ಜಾಗ ಸಿಕ್ಕಿದರೆ ಮಾತ್ರ ಅವಳು ಇಲ್ಲಿ ಉಳಿಯಬಹುದು. ಅದು ಸಿಗುವುದು ಅವಳ ಜರ್ಮನ್ ಎಷ್ಟು ಚೆನ್ನಾಗಿದೆ ಎಂಬುದರ ಮೇಲೆ.

ಓ-ಪೇರ್ ಇಟ್ಟುಕೊಳ್ಳುವುದು ದೊಡ್ಡ ಮನೆಯವರ ಷೋಕಿ ಎಂದು ನಮ್ಮೂರಲ್ಲೂ ಅನೇಕರು ತಿಳಿದಿದ್ದಾರೆ. ಫ್ರೌಕೆಯವರದು ಕಾಲುವೆ ಪಕ್ಕದ ಚಿಕ್ಕ ಇಟ್ಟಿಗೆ ಮನೆ. ಗಂಡನಿಂದ ಬೇರೆಯಾಗಿ ಆರು ವರ್ಷವಾಯಿತು. ದಿನದ ಮೊದಲ ಬಸ್ಸು ಇವರದು. ಮಗ ಎನ್ನೊ ಏಳುವ ಹೊತ್ತಿಗೆ ಇವರು ಆಗಲೇ ಊರನ್ನು ಎರಡು ಸುತ್ತು ಹಾಕಿರುತ್ತಾರೆ. ಅವರ ಅಟ್ಟದ ಕೋಣೆಗೆ ಹೀಗೆ ಬಂದವರಲ್ಲಿ ತಮ್ತಾ ಮೂರನೆಯವಳು.

"ಅಗ್ಗಕ್ಕೆ ಕೆಲಸದವಳು ಸಿಕ್ಕಿದ್ಲು ಬಿಡು" ಎಂದು ಅವರಿವರು ಚುಚ್ಚುವುದುಂಟು. ಫ್ರೌಕೆ ಸುಮ್ಮನಿರುವ ಪೈಕಿಯಲ್ಲ. "ಕೆಲಸದವಳ ಜೊತೆ ಕೂತು ಯಾರಾದ್ರೂ ವರ್ಷವಿಡೀ ಒಂದೇ ಮೇಜಲ್ಲಿ ಉಣ್ತಾರೇನ್ರೀ? ನನ್ನ ಮಗ ಈಗ ಹಾಲಿನ ಲೋಟ ಎತ್ತಿ, ಅಜ್ಜಿಗೆ, ಬೆಕ್ಕಿಗೆ, ಸತ್ತುಹೋದ ಮೀನಿಗೆ ಎಲ್ರಿಗೂ ಶುಭ ಹಾರೈಸದೆ ಒಂದು ಗುಟುಕೂ ಕುಡಿಯಲ್ಲ. ಅದು ಕುಟಾಯಿಸಿಯಿಂದ ಬಂದಿದ್ದು. ಹಾಲು ಆರೋದು ಮಾತ್ರ ನಮ್ಮ ಹಣೆಬರಹ."

ಆದರೆ ಆ ಮೇಜೇ ಮೊದಲ ತಿಂಗಳು ಎಲ್ಲವನ್ನೂ ಕೆಡಿಸುವುದರಲ್ಲಿತ್ತು.

ನಮ್ಮಲ್ಲಿ ರಾತ್ರಿಯೂಟವೆಂದರೆ ಬ್ರೆಡ್ಡು, ಚೀಸು, ಉಪ್ಪಿನಲ್ಲಿಟ್ಟ ಸೌತೆಕಾಯಿ. ಫ್ರೌಕೆ "ಇನ್ನೊಂದು ಹೋಳು?" ಎಂದು ಕೇಳುತ್ತಿದ್ದರು. ತಮ್ತಾ "ಬೇಡ" ಎನ್ನುತ್ತಿದ್ದಳು. ತಟ್ಟೆ ಆಚೆ ಹೋಗುತ್ತಿತ್ತು. ಬೇಡವೆಂದರೆ ಬೇಡ, ಮತ್ತೆ ಕೇಳಿದರೆ ಪೀಡಿಸಿದಂತೆ ಎಂಬುದು ನಮ್ಮವರ ಮರ್ಯಾದೆ. ಬಡಿಸುವವರು ಕೈ ಹಿಡಿದು ಒತ್ತಾಯ ಮಾಡುವುದೇ ಅವಳ ಊರಿನ ಮರ್ಯಾದೆ.

"ಮೊದಲನೇ ಸಲಕ್ಕೇ ಹೂಂ ಅಂದ್ರೆ ನಮ್ಮ ಕಡೆ ಹೊಟ್ಟೆಬಾಕಿ ಅಂತಾರೆ," ಎಂದು ತಮ್ತಾ ಈಗ ನಗುತ್ತಾಳೆ. "ಎರಡನೇ ಸಲ ಕೇಳ್ತಾರೆ ಅಂತ ಕಾಯ್ತಿದ್ದೆ. ಇವರು ಚೀಸನ್ನೇ ಒಳಗಿಟ್ಟುಬಿಡೋರು! ಇವರಿಗೆ ನಾನು ಬೇಡವಾಗಿದ್ದೀನಿ ಅಂದ್ಕೊಂಡೆ. ಅಮ್ಮಂಗೆ ಫೋನ್ ಮಾಡಿ, ವಾಪಸ್ ಬರ್ತೀನಿ ಅಂದೆ."

ಪೆಟ್ಟಿಗೆ ತುಂಬಿಯೂ ಆಗಿತ್ತು. ಅದೇ ಭಾನುವಾರ ಫ್ರೌಕೆಯವರ ತಾಯಿ ಗೇಸ್ಕೆ ಅಜ್ಜಿಯ ಮನೆಯಲ್ಲಿ ಚಹಾ. ನಮ್ಮ ಚಹಾದ ಕಾನೂನೇ ಬೇರೆ. ಬಟ್ಟಲು ಖಾಲಿಯಾದರೆ ಕೇಳದೆ ಸುರಿಯುತ್ತಾರೆ. ಸಾಕೆನ್ನುವವರು ಚಮಚವನ್ನು ಬಟ್ಟಲೊಳಗೆ ಇಡಬೇಕು. ಇದನ್ನು ಹುಡುಗಿಗೆ ಯಾರೂ ಹೇಳಿರಲಿಲ್ಲ. ಒಂದೊಂದು ಬಟ್ಟಲಿಗೂ ಒಂದೊಂದು ಕಲ್ಲುಸಕ್ಕರೆ, ಕೆನೆ. ಮೂರಾಯಿತು, ಐದಾಯಿತು, ಎಂಟಾಯಿತು. ತಳದಲ್ಲಿ ಉಳಿದ ಕಲ್ಲುಸಕ್ಕರೆಯನ್ನು ಅವಳು ಕಟಕಟ ಕಡಿಯುವುದನ್ನು ಅಜ್ಜಿ ನೋಡಿದರು.

"ಫ್ರೌಕೆ, ಈ ಹುಡುಗಿಗೆ ಬಾಯಾರಿಕೆ ಅಲ್ಲ ಕಣೆ, ಹಸಿವು!" ಎಂದವರೇ ಎದ್ದು, ಮೊಟ್ಟೆ ಆಲೂಗಡ್ಡೆ ಹುರಿದು ತಂದಿಟ್ಟರು. ಯಾರೂ ಏನೂ ಕೇಳಲಿಲ್ಲ. ತಮ್ತಾ ಅಳುತ್ತಲೇ ಬಾಣಲೆ ಖಾಲಿ ಮಾಡಿದಳು.

ಆ ಮಾತು ಹೇಳುವಾಗ ಫ್ರೌಕೆಯವರ ದನಿ ತಗ್ಗುತ್ತದೆ. "ನನ್ನ ಮನೇಲಿ ಒಂದು ಹುಡುಗಿ ಮೂರು ವಾರ ಹಸಿದು ಮಲಗಿದ್ಲು. ಅವತ್ತಿಂದ ಏನೇ ಇರಲಿ, ಮೂರು ಸಲ ಕೇಳ್ತೀನಿ. ನಾಲಿಗೆ ಹೊರಳಲ್ಲ, ಆದ್ರೂ ಕೇಳ್ತೀನಿ."

ಪೆಟ್ಟಿಗೆ ಮತ್ತೆ ಅಟ್ಟಕ್ಕೆ ಹೋಯಿತು. ಹೊಟ್ಟೆ ತುಂಬಿದ ಮೇಲೆ ಬಾಯಿ ತೆರೆಯಿತು. ತರಗತಿಯ ಪಾಠ ಸಾಲದೆಂದು ಫ್ರೌಕೆ ಅವಳನ್ನು ರಜಾದಿನ ಬಸ್ಸಿನ ಮುಂದಿನ ಸೀಟಿನಲ್ಲಿ ಕೂರಿಸಿಕೊಂಡರು. "ಊರಿನ ಮುದುಕರು ಮಳೆ, ಮೊಣಕಾಲು, ಸೊಸೆ ಅಂತ ಗೊಣಗೋದನ್ನ ಕೇಳಿಸ್ಕೊ. ಆಸ್ಪತ್ರೇಲಿ ನಿನಗೆ ಬೇಕಾಗೋ ಭಾಷೆ ಅದೇ."

ಹತ್ತು ಗಂಟೆಗೆ ಬಸ್ಸು ಬಂದರಿನ ಕೊನೆಯ ನಿಲ್ದಾಣ ಮುಟ್ಟುತ್ತದೆ. ಫ್ರೌಕೆ ಎಂಜಿನ್ ಆರಿಸಿ ಫೋನ್ ತೆಗೆಯುತ್ತಾರೆ. ತಮ್ತಾಳ ಸಂದೇಶ ಓದಿ, ಸ್ಟೀರಿಂಗ್ ಮೇಲೆ ಹಣೆ ಇಡುತ್ತಾರೆ. ಹಾರ್ನ್ ಕೂಗುತ್ತದೆ, ಕಡಲಹಕ್ಕಿಗಳು ಹಾರುತ್ತವೆ. "ಸಿಕ್ತು!" ಎಂದು ಕಿರುಚುತ್ತಾರೆ. ಬಸ್ಸಿನಲ್ಲಿದ್ದ ಇಬ್ಬರು ಮುದುಕರೂ ಚಪ್ಪಾಳೆ ತಟ್ಟುತ್ತಾರೆ.

ಸಂಜೆ ಗೇಸ್ಕೆ ಅಜ್ಜಿಯ ಅಡುಗೆಮನೆಯಲ್ಲಿ ಮತ್ತೆ ಚಹಾ. ಶಾಲೆಯ ವಸತಿಯಲ್ಲಿ ಕೋಣೆ ಖಾಲಿ ಇಲ್ಲವಂತೆ. ಲೇರ್ ಊರಿನ ಗೆಳತಿಯ ಕೋಣೆಯಲ್ಲಿ ನೆಲದ ಮೇಲೆ ಮಲಗುತ್ತೇನೆ, ದಿನಾ ರೈಲಿನಲ್ಲಿ ಬರುತ್ತೇನೆ ಎನ್ನುತ್ತಾಳೆ ತಮ್ತಾ.

"ಅಟ್ಟದ ಕೋಣೆ ಇದೆಯಲ್ಲ," ಎನ್ನುತ್ತಾರೆ ಫ್ರೌಕೆ. "ಎನ್ನೊನ ನೋಡ್ಕೊಳ್ಳೋಕಲ್ಲ, ಅದಕ್ಕೆ ಅಮ್ಮ ಬರ್ತಾಳೆ. ಸುಮ್ಮನೆ ಮನೆಯವಳಾಗಿ ಇರು. ಇರ್ತೀಯಾ?"

"ಬೇಡ ಫ್ರೌಕೆ, ನಿಮಗ್ಯಾಕೆ ತೊಂದರೆ," ಎಂದು ತಮ್ತಾ ಚಮಚವನ್ನು ಬಟ್ಟಲೊಳಗೆ ಇಡುತ್ತಾಳೆ.

ಫ್ರೌಕೆಯವರ ಮುಖ ಬಾಡುತ್ತದೆ. ಹುಟ್ಟುಗುಣ, ಮತ್ತೆ ಕೇಳದೆ ತಟ್ಟೆಗಳನ್ನು ಜೋಡಿಸತೊಡಗುತ್ತಾರೆ. ಅಜ್ಜಿ ಕೈ ಚಾಚಿ ಬಟ್ಟಲಿನಿಂದ ಚಮಚ ಎತ್ತಿ ಪಕ್ಕಕ್ಕಿಡುತ್ತಾರೆ. "ಒಂದು ಸಲ ಆಯ್ತು," ಎಂದು ಮಗಳತ್ತ ಕಣ್ಣು ಬಿಡುತ್ತಾರೆ.

"ಇರ್ತೀಯಾ?"

"ಬೇಡ ಅಂದ್ನಲ್ಲಾ," ಎನ್ನುತ್ತಾಳೆ ತಮ್ತಾ, ಚಮಚವನ್ನು ಮಾತ್ರ ಮುಟ್ಟದೆ.

"ಇರ್ತೀಯೇನೇ, ಹುಡುಗಿ?"

"ಹೂಂ."

ಅಜ್ಜಿ ಬಟ್ಟಲು ತುಂಬಿಸುತ್ತಾರೆ. ಫ್ರೌಕೆ ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗುತ್ತಾರೆ. "ಈ ಊರಲ್ಲಿ ಯಾರೂ ಯಾರನ್ನೂ ಇಷ್ಟು ಸಲ ಕೇಳಲ್ಲ. ಬರ್ಕೊಳ್ಳಿ, ನಾನು ಕೇಳಿದೆ."