ಏಳನೆಯ ಪ್ರಶ್ನೆ

ಆ ಅರ್ಜಿಯ ಏಳನೆಯ ಪ್ರಶ್ನೆಯನ್ನು ಬರೆದವಳು ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಬೇರೆಯವರನ್ನು ಸಾಕಷ್ಟು ಬೈಯುವವಳಿದ್ದೇನೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯಲ್ಲಿ ಎಲ್ಲರೂ ಅನ್ನುತ್ತಾರೆ. ಇರಲಿ.

ಗಡಿಯಾಚೆ ಮರಾಠಿ ಸೀಮೆಯ ಉದಗೀರಿನ ಒಂದು ತಾಂತ್ರಿಕ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಈ ಭಾಗದ ಸಣ್ಣ ಉದ್ಯೋಗಗಳಿಗೆ 'ನಾವೀನ್ಯ ವೋಚರ್' ಕೊಡುವ ಯೋಜನೆ ಬಂದಾಗ, ಕನ್ನಡ ಮರಾಠಿ ಎರಡೂ ಬರುತ್ತವೆ ಎಂಬ ಕಾರಣಕ್ಕೆ ನಿಯಮ ಬರೆಯುವ ಸಮಿತಿಗೆ ನನ್ನನ್ನೂ ಸೇರಿಸಿಕೊಂಡರು. ವೋಚರ್ ಎಂದರೆ ಕೈಗೆ ಸಿಗುವ ಹಣವಲ್ಲ, ಒಂದು ಚೀಟಿ. ಅದನ್ನು ಹಿಡಿದು ಕಾಲೇಜಿಗೋ ಪ್ರಯೋಗಶಾಲೆಗೋ ಹೋದರೆ ಅಲ್ಲಿಯ ತಜ್ಞರು ನಿಮ್ಮ ಯಂತ್ರದ ತೊಡಕನ್ನು ಬಿಡಿಸಿಕೊಡಬೇಕು. ಅದರ ಖರ್ಚು ಯೋಜನೆಯದು. ಒಳ್ಳೆಯ ವಿಚಾರ. ಈಗಲೂ ಹಾಗೇ ಅನ್ನುತ್ತೇನೆ.

ನಿಲಂಗಾದಲ್ಲಿ ಸಭೆ ನಡೆಯಿತು. ಪೇಟೆಯ ಯಂತ್ರಕ್ಕೆ ಬಣ್ಣ ಬಳಿದು 'ನಮ್ಮ ಶೋಧ' ಎಂದು ತೋರಿಸುವವರನ್ನು ತಡೆಯುವುದು ಹೇಗೆ ಎಂಬ ಚರ್ಚೆ ಊಟದ ಹೊತ್ತು ಮೀರಿದರೂ ಮುಗಿಯಲಿಲ್ಲ. ನನಗೆ ಹಸಿವು. "ಒಂದು ಸಾಲು ಹಾಕಿಬಿಡಿ," ಎಂದೆ. "ಈ ಕಲ್ಪನೆ ನಿಮ್ಮ ಸ್ವಂತದ್ದೇ? ಹೌದು ಅಥವಾ ಇಲ್ಲ." ಎಲ್ಲರೂ ತಲೆದೂಗಿದರು. ನಾನು ಉಬ್ಬಿಹೋದೆ. ಆಮೇಲೆ ಊಟ ಬಂತು.

ಅರ್ಜಿ ತುಂಬಿಸಲು ಮಾಕಣಿಯ ಕಡೆಯ ಒಂದು ಹಳ್ಳಿಗೆ ಹೋದೆ. ಕುರಿ ಸಾಕುವ ಮನೆತನ, ಬೀರಪ್ಪ ದೇವರ ಒಕ್ಕಲು. ಆ ಮನೆಯ ಹಿರಿಯ ಹೆಂಗಸು ಕಂಬಳಿ ನೇಯುವವರಿಗೆ ಎಳೆ ಗಟ್ಟಿಯಾಗಲು ಹಚ್ಚುವ ಹುಣಸೆ ಬೀಜದ ಗಂಜಿ ಮಾಡಿಕೊಡುತ್ತಿದ್ದರು. ನಾನು ಅವರನ್ನು ಕಾಕು, ಎಂದರೆ ಚಿಕ್ಕಮ್ಮ, ಎಂದೇ ಕರೆದೆ. ಬೀಜ ಹುರಿದು, ಒನಕೆಯಿಂದ ಕುಟ್ಟಿ, ಸಿಪ್ಪೆ ಬಿಡಿಸಿ, ನೆನೆಸಿ, ಅರೆದು, ಕುದಿಸುವ ಕೆಲಸ. ಕುಟ್ಟಿ ಕುಟ್ಟಿ ಅವರ ಬಲಭುಜ ಹೋಗಿತ್ತು. ಇನ್ನು ಒನಕೆ ಮುಟ್ಟಿದರೆ ಕೈಯೇ ಏಳುವುದಿಲ್ಲ ಎಂದು ಉಮರ್ಗಾದ ಡಾಕ್ಟರು ಹೇಳಿದ್ದರು.

ಅದಕ್ಕೇ ಕಾಕು ಒಂದು ಯಂತ್ರ ಮಾಡಿಕೊಂಡಿದ್ದರು. ಹಳೆಯ ಎಣ್ಣೆ ಡಬ್ಬಿಯ ಒಳಮೈಗೆ ಮೊಳೆಯಿಂದ ತೂತು ಹೊಡೆದ ತಗಡು, ನಡುವೆ ತಿರುಗುವ ಮರದ ದಿಂಡು, ಹೊರಗೆ ಸೈಕಲ್ಲಿನ ಪೆಡಲು. ಕೂತು ಕಾಲಿನಿಂದ ತುಳಿದರೆ ಹುರಿದ ಬೀಜ ಉಜ್ಜಿಕೊಂಡು ಸಿಪ್ಪೆ ಕಳಚುತ್ತದೆ. ಇಪ್ಪತ್ತು ವರ್ಷ ಯಂತ್ರಶಾಸ್ತ್ರ ಕಲಿಸಿದ ನಾನು ಅದರ ಮುಂದೆ ಬಾಯಿ ತೆರೆದು ನಿಂತೆ.

"ಬೀಜ ಸಣ್ಣದಿದ್ರ ಸಿಪ್ಪಿ ಬಿಡಂಗಿಲ್ಲ ನೋಡ್ರಿ ಅಕ್ಕೋರೆ," ಎಂದರು ಕಾಕು. "ಬಿಗಿ ಮಾಡಿದ್ರ ಬೀಜಾನೇ ಚೂರಾಗ್ತದ. ಸಿಪ್ಪಿ ಚೂರು ಗಂಜ್ಯಾಗ ಉಳದ್ರ ನೇಯೋರು ವಾಪಸ್ ಕಳಸ್ತಾರ. ಇದೊಂದು ದುರುಸ್ತ ಮಾಡಿಕೊಟ್ರ ನಾ ಒನಕಿ ಮುಟ್ಟಂಗಿಲ್ಲ."

ವೋಚರ್ ಇರುವುದೇ ಇಂಥದ್ದಕ್ಕೆ. ಖುಷಿಯಿಂದ ಒಂದೊಂದೇ ಪ್ರಶ್ನೆ ಕೇಳಿ ಮರಾಠಿಯಲ್ಲಿ ತುಂಬುತ್ತ ಹೋದೆ. ಏಳನೆಯದು ಬಂತು.

"ಈ ಮಶೀನ್ ಮಾಡೋ ವಿಚಾರ ನಿಮ್ದೇ ಏನ್ರಿ ಕಾಕು?"

ಕಾಕು ಗಾಬರಿಯಿಂದ ಹಣೆಗೆ ಹಚ್ಚಿದ್ದ ದೇವರ ಭಂಡಾರದ ಅರಿಶಿನ ಮುಟ್ಟಿಕೊಂಡರು. "ಛೇ, ನಂದೇನದ್ರಿ! ಬೀರಪ್ಪ ತೋರಸ್ಯಾನ, ನಾ ಮಾಡೀನಿ. ನಂದು ಅಂದ್ರ ಅಂವಾ ಬಿಟ್ಟಾನೇನ್ರಿ?"

ನಾನು 'ಇಲ್ಲ' ಎಂದು ಗುರುತು ಹಾಕಿದೆ. ಯಾರ ಬಾಯಿಗೂ ನನ್ನ ಮಾತು ತುರುಕುವವಳಲ್ಲ, ಹೇಳಿದ್ದನ್ನು ಹೇಳಿದಂತೆ ಬರೆಯುವವಳು ಎಂಬ ಜಂಬ ನನಗೆ. ನಮ್ಮದು ಶಿವಭಕ್ತರ ಮನೆ. ಹೊಲ ಭರ್ತಿ ಜೋಳ ಬೆಳೆದರೂ ನಮ್ಮ ಮುತ್ಯಾ 'ನಾ ಬೆಳದೀನಿ' ಎಂದವನಲ್ಲ, 'ಶಿವ ಕೊಟ್ಟಾನ' ಎನ್ನುತ್ತಿದ್ದ. ಆ ಮಾತು ಕೇಳುತ್ತಲೇ ಬೆಳೆದವಳು ನಾನು. ನನಗೆ ಗೊತ್ತಾಗಬೇಕಿತ್ತು. ಆಗಲಿಲ್ಲ. ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ಉದಗೀರಿನಲ್ಲಿ ಆಯ್ಕೆಪಟ್ಟಿ ಅಂಟಿಸಿದಾಗ ಕಾಕುವಿನ ಹೆಸರಿರಲಿಲ್ಲ. ಏಳನೆಯದಕ್ಕೆ 'ಇಲ್ಲ' ಎಂದಿದ್ದ ಅರ್ಜಿಗಳನ್ನು ಕಂಪ್ಯೂಟರೇ ಸೋಸಿ ಪಕ್ಕಕ್ಕಿಟ್ಟಿತ್ತು. ಮನುಷ್ಯರು ಯಾರೂ ಓದಿರಲೇ ಇಲ್ಲ. ಜಳಕೋಟದ ಕಡೆಯ ಒಬ್ಬ ವ್ಯಾಪಾರಿಗೆ ಮಾತ್ರ ವೋಚರ್ ಸಿಕ್ಕಿತ್ತು. ಹೋಗಿ ನೋಡಿದರೆ ಅವನದು ಹೈದರಾಬಾದಿನಿಂದ ತಂದ ಖಾರ ಕುಟ್ಟುವ ಯಂತ್ರ. ಕಂಪನಿಯ ಹೆಸರಿನ ತಗಡು ಕಿತ್ತು ಹಸಿರು ಬಣ್ಣ ಬಳಿದಿದ್ದ. ತಗಡಿದ್ದ ಜಾಗದಲ್ಲಿ ನಾಲ್ಕು ಸ್ಕ್ರೂ ತೂತುಗಳು ಹಾಗೇ ಇದ್ದವು. ನನ್ನ ಪ್ರಶ್ನೆಗೆ ಅವನು ಕಣ್ಣು ಮಿಟುಕಿಸದೆ 'ಹೌದು' ಎಂದಿದ್ದ. ಯಾರನ್ನು ತಡೆಯಲು ಬಾಗಿಲು ಹಾಕಿದೆನೋ ಅವನು ಎದೆ ಸೆಟೆಸಿಕೊಂಡು ಒಳಗೆ ಬಂದಿದ್ದ.

ಎಸ್‌ಟಿ ಬಸ್ ಹಿಡಿದು ಉಮರ್ಗಾಕ್ಕೆ ಹೋದೆ. ಹೆದ್ದಾರಿಯ ಪಕ್ಕದ ಯೋಜನೆಯ ಕಚೇರಿಯಲ್ಲಿ ನಾನು ಕೂಗಾಡಿದ್ದು ಕೆಳಗಿನ ಚಹಾದಂಗಡಿಯವರೆಗೂ ಕೇಳಿಸಿರಬೇಕು. ಕುರುಡರೇನು ನೀವು, ಆ ತೂತುಗಳು ಕಾಣಲಿಲ್ಲವೇ, ಒಮ್ಮೆಯಾದರೂ ಆ ಹಳ್ಳಿಗೆ ಹೋಗಿದ್ದೀರಾ ಎಂದೆಲ್ಲ ಕೇಳಿದೆ. ಅಧಿಕಾರಿ ಅರ್ಜಿ ತೆಗೆದು ನನ್ನದೇ ಗುರುತಿನ ಮೇಲೆ ಬೆರಳಿಟ್ಟರು. "ನಿಯಮ ತುಮಚಾಚ ಆಹೇ, ಮ್ಯಾಡಮ್," ಎಂದರು. ನಿಯಮ ನಿಮ್ಮದೇ. ವ್ಯಂಗ್ಯವೂ ಇರಲಿಲ್ಲ ಆ ದನಿಯಲ್ಲಿ. ಅದಕ್ಕೇ ಇನ್ನಷ್ಟು ಉರಿಯಿತು.

ಹಳ್ಳಿಗೆ ಹೋದಾಗ ಯಂತ್ರದ ಮೇಲೆ ಗೋಣಿಚೀಲ ಹೊದಿಸಿತ್ತು. ಕಾಕು ಎಡಗೈಯಲ್ಲಿ ಒನಕೆ ಹಿಡಿದು ಕುಟ್ಟುತ್ತಿದ್ದರು. ಬಲಗೈ ಮಡಿಲಲ್ಲಿ ಬಿದ್ದಿತ್ತು. ಆದದ್ದನ್ನೆಲ್ಲ ಹೇಳಿದೆ, ಗುರುತು ಹಾಕಿದವಳು ನಾನೇ ಎಂದೂ ಹೇಳಿದೆ. ಅವರು ಕುಟ್ಟುವುದನ್ನು ನಿಲ್ಲಿಸಿದರು.

"ಏನ ಕೆಟ್ಟದ ಅಂತ ಕೇಳಿದ್ರಿ, ಹೇಳೀನಿ. ಯಾರದು ಅಂತ ಯಾಕ ಕೇಳಿದ್ರಿ ಅಕ್ಕೋರೆ?"



ಮುಂದಿನ ಸಲದ ನಿಯಮ ತಿದ್ದುವ ಸಭೆಯಲ್ಲಿ ಏಳನೆಯ ಪ್ರಶ್ನೆ ತೆಗೆಯಿರಿ, ಸ್ಥಳಕ್ಕೆ ಹೋಗಿ ಯಂತ್ರ ನೋಡಿ ಎಂದು ಮೇಜು ಗುದ್ದಿ ಹೇಳಿದೆ. ತಾಳ್ಮೆಯಿಂದ ಕೇಳಿದರು. 'ಯಂತ್ರ ನೋಡಲು ಅಧಿಕಾರಿಗಳು ನಿಮ್ಮ ಸ್ಥಳಕ್ಕೆ ಬರಬೇಕೇ?' ಎಂಬುದನ್ನೂ ಅರ್ಜಿದಾರರಿಗೆ ಒಂದು ಪ್ರಶ್ನೆ ಮಾಡಿ ಏಳನೆಯದಾಗಿ ಸೇರಿಸಿದರು. ನನ್ನ ಹಳೆಯ ಪ್ರಶ್ನೆ ಹಾಗೇ ಉಳಿದು ಎಂಟನೆಯದಾಯಿತು.

ಮೊನ್ನೆ ಹೊಸ ಅರ್ಜಿ ಹಿಡಿದು ಮತ್ತೆ ಕಾಕುವಿನ ಮುಂದೆ ಕೂತೆ. ಎಂಟನೆಯದು ಬಂದಾಗ ಅವರು ಹೋದ ಸಲದಂತೆಯೇ ಹಣೆ ಮುಟ್ಟಿಕೊಂಡು ಬೀರಪ್ಪನ ಹೆಸರು ಹೇಳಿದರು. ಈ ಸಲ ಎಡಗೈಯಿಂದ. ನಾನು 'ಹೌದು' ಎಂದು ಗುರುತು ಹಾಕಿದೆ.

ಅವರಿಗೆ ಓದಲು ಬರುವುದಿಲ್ಲ. ಕಾಗದದ ಕಡೆ ಬಾಗಿ, "ಏನ ಬರದ್ರಿ ಅಕ್ಕೋರೆ?" ಎಂದರು.

"ನೀವ್ ಹೇಳಿದ್ದೇ ಬರದೀನ್ರಿ ಕಾಕು," ಎಂದೆ.