ಹರಳು ಒಡೆದು ನೋಡುವ ವುಯೆಲ್ವಾ

ಕೇಪ್‌ಟೌನ್‌ನಲ್ಲಿ ಇನ್ನೂ ಬೆಳಕು ಹರಿದಿಲ್ಲ. ಹೊರವಲಯದ ಖಯೆಲಿತ್ಷಾದಿಂದ ಮೊದಲ ಶೇರ್ ಟ್ಯಾಕ್ಸಿ ಹಿಡಿದು ಬಂದ ವುಯೆಲ್ವಾ ಮ್ಕೊಬೋಲಿ ಕೋಟನ್ನೂ ಬಿಚ್ಚದೆ ಪ್ರಯೋಗಾಲಯದ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟಿದ್ದಾರೆ. ಮೂರು ವಾರದಿಂದ ಖಾಲಿಯಿದ್ದ ದ್ರಾವಣದ ಹನಿಯಲ್ಲಿ ಎರಡು ಹರಳು ಮೂಡಿವೆ.

"ಈಗ್ಲೇ ಕುಣೀಬೇಡಿ. ಹನೀಲಿರೋ ಉಪ್ಪು ಹರಳಾದ್ರೂ ಹೀಗೇ ಹೊಳೀತದೆ" ಎನ್ನುತ್ತಾರೆ, ಹಿಂದೆ ಬಂದು ನಿಂತ ವಿಜ್ಞಾನಿ ಪೀಟರ್ಸನ್‌ಗೆ.

ಕ್ಷಯದ ರೋಗಾಣು ತನ್ನ ಹೊರಗೋಡೆ ಕಟ್ಟಿಕೊಳ್ಳಲು ಕಿಣ್ವವೊಂದನ್ನು ನಂಬಿಕೊಂಡಿದೆ. ಆ ಕಿಣ್ವದ ಆಕಾರ ತಿಳಿದರೆ ಅದರ ಬಾಯಿ ಕಟ್ಟುವ ಹೊಸ ಔಷಧ ರೂಪಿಸಬಹುದು. ಅದಕ್ಕೆ ಕಿಣ್ವ ಹರಳುಗಟ್ಟಬೇಕು, ಹರಳಿನ ಮೇಲೆ ಕ್ಷ-ಕಿರಣ ಬೀಳಬೇಕು. ಅಂಥ ಕಿರಣ ಹಾಯಿಸುವ ದೊಡ್ಡ ಯಂತ್ರ ಇರುವುದು ಹೊರದೇಶದಲ್ಲಿ. ಇವರ ಸರದಿ ಬರುವ ಗುರುವಾರ. ತಪ್ಪಿದರೆ ಇನ್ನೊಂದು ವರ್ಷ ಕಾಯಬೇಕು.

ಗಾಜಿನ ಪಾತ್ರೆ ತೊಳೆಯಲು ಸೇರಿದ ವುಯೆಲ್ವಾಗೆ ಈಗ ಐವತ್ತೆರಡು; ಹರಳು ಬೆಳೆಸುವುದೇ ಈಗ ಅವರ ಕೆಲಸ. ದಿನಕ್ಕೆ ಎಂಟು ತಟ್ಟೆ, ತಟ್ಟೆಗೆ ತೊಂಬತ್ತಾರು ಗುಳಿ, ಗುಳಿಗೊಂದು ಕಿಣ್ವದ ಹನಿ. ಹಠಮಾರಿ ಹನಿಗೆ ಬೆಕ್ಕಿನ ಮೀಸೆಯಿಂದ, ಹಾಲಿಗೆ ಹೆಪ್ಪು ಹಾಕಿದಂತೆ, ಹಳೆಯ ಹರಳಿನ ಪುಡಿ ಸವರುತ್ತಾರೆ. ಮೀಸೆ ಮನೆಯ ಬೆಕ್ಕಿನದೇ. "ಉದುರಿದ್ದು ಮಾತ್ರ. ಕಿತ್ರೆ ಅದು ನನ್ನ ಸುಮ್ನೆ ಬಿಟ್ಟೀತಾ?" ಇಷ್ಟೆಲ್ಲ ಮಾಡಿದರೂ ಸಂಶೋಧನಾ ಲೇಖನಗಳಲ್ಲಿ ಅವರ ಹೆಸರಿಲ್ಲ. ಇದು ಅನ್ಯಾಯವೇ.

ಎರಡು ವರ್ಷದ ಹಿಂದೆ ಅವರ ಹರಳೊಂದನ್ನು ನೋಡಿ ಇಡೀ ಪ್ರಯೋಗಾಲಯ ಹಬ್ಬ ಮಾಡಿತ್ತು. ಯಂತ್ರದವರಿಂದ ಬಂದ ಉತ್ತರ ಒಂದೇ ಸಾಲು: ಬರಿಯ ಉಪ್ಪು. ವುಯೆಲ್ವಾ ವಾರಗಟ್ಟಲೆ ತಲೆಯೆತ್ತಲಿಲ್ಲ.

"ಇರೋದೇ ಎರಡು, ಅಕ್ಕ. ಒಡೀಬೇಡಿ, ಹಾಗೇ ಕಳ್ಸೋಣ" ಎಂದು, ವುಯೆಲ್ವಾ ಸೂಜಿ ಎತ್ತಿಕೊಂಡದ್ದು ಕಂಡು ಪೀಟರ್ಸನ್ ಗೋಗರೆಯುತ್ತಾರೆ.

"ಒಂದನ್ನ ಒಡೀತೀನಿ ಡಾಕ್ಟ್ರೇ. ಉಪ್ಪನ್ನ ವಿಮಾನ ಹತ್ತಿಸಿದ್ದು ಒಂದ್ಸಲ ಸಾಕು. ಉಪ್ಪೇ ಆಗಿದ್ರೆ ಕಳ್ಸೋ ಮುಂಚೆ ಬೇರೆ ತಟ್ಟೆಗಳಲ್ಲಿ ಹುಡುಕೋಕೆ ಮೂರು ದಿನ ಆದ್ರೂ ಸಿಗ್ತದೆ."

ಸೂಜಿಯ ತುದಿ ಒತ್ತುತ್ತಾರೆ. ಉಪ್ಪಾದರೆ ಚಟ್ಟನೆ ಸಿಡಿಯಬೇಕು. ಇದು ಆರಿದ ಮೆಕ್ಕೆಜೋಳದ ಮುದ್ದೆಯಂತೆ ಮೆತ್ತಗೆ ಉದುರುತ್ತದೆ. ಕಿಣ್ವವೇ. ಪೀಟರ್ಸನ್ ಕುರ್ಚಿ ಹುಡುಕಿ ಕೂರುತ್ತಾರೆ.

ವುಯೆಲ್ವಾರ ತಂಗಿ ಝೊಲೇಕಾಗೆ ಬಂದದ್ದು ಮಾಮೂಲಿ ಔಷಧಕ್ಕೆ ಬಗ್ಗದ ಕ್ಷಯ. ತಿಂಗಳುಗಟ್ಟಲೆ ಕೊಟ್ಟ ಚುಚ್ಚುಮದ್ದು ಜೀವ ಉಳಿಸಿತು, ಎರಡೂ ಕಿವಿ ಕಿತ್ತುಕೊಂಡಿತು.

"ಇದರಿಂದ ಮದ್ದು ಬರೋಕೆ ಹದಿನೈದು ವರ್ಷ ಆದೀತಂತೆ. ಬಂದ್ರೂ ಅವಳ ಕಿವಿ ವಾಪಸ್ ಬರಲ್ಲ, ಗೊತ್ತು" ಎನ್ನುತ್ತ ಉಳಿದೊಂದು ಹರಳನ್ನು ಪ್ರಯಾಣಕ್ಕೆಂದು ಚಳಿ ಕೊರೆಯುವ ಡಬ್ಬಿಗೆ ಇಳಿಸುತ್ತಾರೆ. "ಆದ್ರೂ ದಿನಾ ಸಂಜೆ ಕೈಸನ್ನೇಲಿ ಕೇಳ್ತಾಳೆ, ಹರಳು ಬಂತಾ ಅಂತ. ಇವತ್ತು ಹೂಂ ಅಂತ ತಲೆ ಆಡಿಸ್ತೀನಿ. ಅವಳ ಮುಖ ನೋಡ್ಬೇಕು ನಂಗೆ, ಅಷ್ಟೇ."