ಮಾವನೂ ನಾನೂ ಗೋಲಿಲ್ಲದ ತಂಡವೂ

ನಮ್ಮ ಮಾವನವರು ಮಂಡಿಯ ಆಪರೇಷನ್ ಮಾಡಿಸಿಕೊಂಡು, ತಮ್ಮೂರು ಕಲ್ಯದ ಹೊಲ ಬಿಟ್ಟು ಕೆಂಗಲ್ ಹತ್ತಿರದ ನಮ್ಮ ಮನೆಗೆ ಬಂದು ಉಳಿದ ವರ್ಷವೇ ನನ್ನ ಫುಟ್‌ಬಾಲ್ ತಂಡ ಸೀಸನ್ನಿನ ಆರಂಭದಲ್ಲಿ ಮುಗ್ಗರಿಸಿತು. ಕಾಲೇಜಿನಲ್ಲಿ ಗೋಲ್‌ಕೀಪರ್ ಆಗಿದ್ದ ದಿನಗಳಿಂದ ನನಗೆ ಈ ಆಟದ ಹುಚ್ಚು. ಬೆಂಗಳೂರಿನ ತಂಡ ಆಡುವ ಒಂದು ಪಂದ್ಯವನ್ನೂ ತಪ್ಪಿಸಿದವಳಲ್ಲ. ನನ್ನ ಗಂಡ ಕ್ರಿಕೆಟ್ಟಿನವರು. ಹಾಗಾಗಿ ಮದುವೆಯಾದಾಗಿನಿಂದ ಒಬ್ಬಳೇ ಕೂತು ಕಿರುಚುವುದು ರೂಢಿಯಾಗಿತ್ತು.

ಮೊದಲ ಪಂದ್ಯದ ದಿನ ಮಾವ ಸೋಫಾದ ಮೇಲೆ ಕಾಲು ಚಾಚಿ ಕೂತಿದ್ದರು. ಎದ್ದು ಹೋಗುವ ಹಾಗಿರಲಿಲ್ಲ, ರಿಮೋಟ್ ನನ್ನ ಕೈಯಲ್ಲಿತ್ತು. ಸ್ವಲ್ಪ ಹೊತ್ತು ನೋಡಿ ಕೇಳಿದರು:

"ಅಲ್ಲ ಕಣವ್ವಾ, ಗೋಲು ಮುಂದ್ಗಡೆ ಐತೆ. ಇವ್ರು ಯಾಕೆ ಚೆಂಡ್ನ ಹಿಂದಕ್ಕೆ ಒದೀತಾ ಅವ್ರೆ?"

"ಜಾಗ ಹುಡುಕ್ತಿದ್ದಾರೆ ಮಾವ."

"ಅಷ್ಟಗಲ ಬಿದ್ದೈತಲ್ಲ ಜಾಗ! ಇನ್ನೇನ್ ಹುಡುಕಾದು?"

ನನಗೆ ನಗು ತಡೆಯಲಾಗಲಿಲ್ಲ. ನಗುತ್ತಿರುವಾಗಲೇ ಹಿಂದಕ್ಕೆ ಒದ್ದ ಚೆಂಡೊಂದು ಎದುರಾಳಿಯ ಕಾಲಿಗೆ ಸಿಕ್ಕಿ, ನಮ್ಮ ಮೇಲೆ ಗೋಲಾಯಿತು. ಮಾವ ನನ್ನ ಕಡೆ ತಿರುಗಿ "ನೋಡ್ದಾ?" ಅಂದರು. ಆ ಗಳಿಗೆಯಿಂದ ಅವರು ಫುಟ್‌ಬಾಲ್ ಪಂಡಿತರಾದರು.

ಎರಡನೆಯ ಪಂದ್ಯದಲ್ಲಿ ನಮ್ಮವನೇ ಒಬ್ಬ, ಬಲು ಶ್ರದ್ಧೆಯಿಂದ, ನಮ್ಮದೇ ಗೋಲಿಗೆ ಚೆಂಡು ನುಗ್ಗಿಸಿದ. ಮಾವ ಕೈಯಲ್ಲಿದ್ದ ಕಡಲೆಕಾಯಿ ಬಿಸಾಡಿ "ಲೇ, ಆ ಕಡೆ ಕಣ್ಲಾ!" ಎಂದು ಕೂಗಿದ್ದು ಬೀದಿಗೇ ಕೇಳಿಸಿತು. ಡಾಕ್ಟರು ಹೇಳಿದ್ದ ಸಂಜೆಯ ವಾಕಿಂಗಿನಲ್ಲೂ ನಮಗೆ ಅದೇ ಮಾತು. ಕೆಂಗಲ್ ಆಂಜನೇಯನ ಗುಡಿಯ ಮುಂದೆ ಹಾದುಹೋಗುವಾಗ ಮಾವ ಕೈ ಮುಗಿಯುತ್ತಲೇ ಗೋಲ್‌ಕೀಪರನನ್ನು ಬೈಯುತ್ತಿದ್ದರು. ಗೋಲ್‌ಕೀಪರನ ಪರವಾಗಿ ನಾನು ಜಗಳಕ್ಕೆ ನಿಲ್ಲುತ್ತಿದ್ದೆ.

ನನ್ನ ಗಂಡ ಬೇರೆಯೇ ಕಾರಣ ಕಂಡುಹಿಡಿದರು. "ನೀವಿಬ್ರೂ ನೋಡೋದ್ರಿಂದ್ಲೇ ಅವ್ರು ಸೋಲ್ತಿರೋದು." ತಮಾಷೆಗೆ ಹೇಳಿದ್ದು. ಆದರೂ ಮೂರನೆಯ ಪಂದ್ಯದ ಹೊತ್ತಿಗೆ ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು, ಟಿವಿ ಹಾಕದೆ ವಾಕಿಂಗಿಗೆ ಹೊರಟೆವು. ಫೋನನ್ನೂ ಮನೆಯಲ್ಲೇ ಬಿಟ್ಟೆವು. ಹಿಂತಿರುಗಿದಾಗ ಗಂಡ ಬಾಗಿಲಲ್ಲೇ ನಿಂತಿದ್ದರು.

"ಮೂರು ಗೋಲು."

"ಹೊಡೆದ್ರಾ?" ನಾನು ಹಾರಿಬಿದ್ದೆ.

"ಹೊಡೆಸ್ಕೊಂಡ್ರು."

ಮಾವ ಗೋಡೆ ಹಿಡಿದುಕೊಂಡು ನಗತೊಡಗಿದರು. "ಹಂಗಾದ್ರೆ ತಪ್ಪು ನಮ್ದಲ್ಲ ಕಣವ್ವಾ! ನಡಿ, ಅಲ್ಲಿಗೇ ಹೋಗಿ ನೋಡ್ಕೊಂಡ್ ಬರಾನ."

"ಈ ಮಂಡೀಲಿ ಬೇಡಪ್ಪ" ಎಂದರು ಗಂಡ.

"ಅಷ್ಟು ಸೋತೋರೇ ಓಡ್ತಾ ಅವ್ರೆ. ನಾನು ಒಸಿ ಕೂತ್ಕಳಕ್ಕಾಗಕಿಲ್ವಾ?"

ಹೀಗೆ ಮುಂದಿನ ಪಂದ್ಯಕ್ಕೆ ನಾವಿಬ್ಬರೂ ರಾಮನಗರದಿಂದ ಬೆಂಗಳೂರಿನ ರೈಲು ಹತ್ತಿದೆವು. ಮಾವ ಬಿಳಿ ಪಂಚೆಯ ಮೇಲೆ ನನ್ನ ಹಳೆಯ ಜರ್ಸಿ ತೊಟ್ಟಿದ್ದರು. ಹೊಟ್ಟೆಯ ಹತ್ತಿರ ಬಿಗಿಯಾಗಿತ್ತು. ಅವರು ಅದನ್ನು ಲೆಕ್ಕಕ್ಕೇ ಇಟ್ಟುಕೊಳ್ಳಲಿಲ್ಲ.

ಸ್ಟೇಡಿಯಂನಲ್ಲಿ ಅರ್ಧಕ್ಕರ್ಧ ಕುರ್ಚಿ ಖಾಲಿ. ಬಂದಿದ್ದವರು ಮಾತ್ರ ತಂಡ ಕಪ್ ಗೆದ್ದುಬಿಟ್ಟಿದೆ ಎಂಬಂತೆ ಡೋಲು ಬಡಿಯುತ್ತಿದ್ದರು. ಪಕ್ಕದಲ್ಲಿದ್ದ ಗುಂಪು ಮಾವನಿಗೆ ಚಪ್ಪಾಳೆಯ ತಾಳ ಹೇಳಿಕೊಟ್ಟಿತು. ಅವರು ಕಲಿತದ್ದೇನೋ ನಿಜ, ಉಳಿದವರು ನಿಲ್ಲಿಸಿದ ಮೇಲೂ ಬಿಡಲಿಲ್ಲ. ಮೊದಲರ್ಧದಲ್ಲಿ ನಮ್ಮವರು ಹೊಡೆದ ಚೆಂಡು ಒಂದು ಸಲ ಕಂಬಕ್ಕೆ ಬಡಿಯಿತು, ಇನ್ನೊಂದು ಸಲ ಡೋಲಿನವನ ಮೇಲೆ ಬಿತ್ತು.

ದ್ವಿತೀಯಾರ್ಧದಲ್ಲಿ ಕಾರ್ನರ್ ಸಿಕ್ಕಿತು. ಚೆಂಡು ತೇಲಿ ಬಂತು, ಗೋಲಿನ ಮುಂದೆ ನೂಕುನುಗ್ಗಲು, ಯಾರದೋ ತಲೆ, ಯಾರದೋ ತೊಡೆ, ಕೊನೆಗೆ ನೆಲಕ್ಕೆ ಬಿದ್ದಿದ್ದ ನಮ್ಮ ಡಿಫೆಂಡರನ ಬೆನ್ನಿಗೆ ತಗುಲಿ ಅದು ಮೆಲ್ಲಗೆ, ತೀರಾ ಮೆಲ್ಲಗೆ, ಗೆರೆ ದಾಟಿತು. ಸೀಸನ್ನಿನ ಮೊದಲ ಗೋಲು! ನಾನು ಯಾರನ್ನು ಅಪ್ಪಿಕೊಂಡೆನೋ ಗೊತ್ತಿಲ್ಲ. ಮುಂದಿನ ಸಾಲಿನ ಅಜ್ಜಿಯೊಬ್ಬರು ನನ್ನ ಕೆನ್ನೆ ಹಿಂಡಿದರು. ಮಾವ ಊರುಗೋಲನ್ನು ಗಾಳಿಯಲ್ಲಿ ಬೀಸುತ್ತಾ ಎರಡೂ ಕಾಲಿನ ಮೇಲೆ ಕುಣಿಯುತ್ತಿದ್ದರು.

"ಮಾವ, ಮಂಡಿ!"

"ಐತೆ ಕಣವ್ವಾ, ಅದೂ ಕುಣೀತಾ ಐತೆ!"

ಉಳಿದ ಹೊತ್ತನ್ನು ಹೇಗೆ ಕಳೆದೆವೋ. ಕೊನೆಯಲ್ಲಿ ನಮ್ಮವರು ಚೆಂಡನ್ನು ಹಿಂದಕ್ಕೆ ಒದೆದಾಗಲೆಲ್ಲ ಮಾವ "ಹಂಗೇ, ಹಂಗೇ, ಇನ್ನೂ ಹಿಂದಕ್ಕೆ!" ಎಂದು ಹುರಿದುಂಬಿಸಿದರು. ರೆಫರಿ ಸೀಟಿ ಊದಿದ. ಗೆದ್ದೆವು. ಆ ಗೆಲುವಿನಿಂದ ನಾವು ಪಟ್ಟಿಯ ತಳದಿಂದ ಒಂದೇ ಒಂದು ಮೆಟ್ಟಿಲು ಮೇಲೇರಿದ್ದೆವು.

ಹೊರಗೆ ಬಂದವರೇ ಮಾವ ಮಗನಿಗೆ ಫೋನು ಮಾಡಿದರು. "ಗೆದ್ಬುಟ್ವು ಕಣ್ಲಾ! ಎಷ್ಟಾ? ಒಂದು. ಯಾಕ್ಲಾ ನಗ್ತೀಯ? ಒಂದು ಹೊಡಿಯಾದು ಎಷ್ಟು ಕಷ್ಟ ಅಂತ ನಿಂಗೇನ್ಲಾ ಗೊತ್ತು?"

ರೈಲಿನಲ್ಲಿ ಅವರಿಗೆ ಯಾರೋ ಜಾಗ ಬಿಟ್ಟುಕೊಟ್ಟರು. ಬಿಡದಿ ದಾಟುವವರೆಗೂ ಅವರು ಕೂರಲೇ ಇಲ್ಲ. ಖಾಲಿ ಬುಟ್ಟಿ ಇಟ್ಟುಕೊಂಡು ಕೂತಿದ್ದ ಹೂವಿನ ಹೆಂಗಸಿಗೆ, ಚೆಂಡು ಎಲ್ಲಿಂದ ಬಂತು, ಬೆನ್ನಿಗೆ ಹೇಗೆ ತಗುಲಿತು ಎಂದು ಬಗ್ಗಿ ತೋರಿಸುತ್ತಿದ್ದರು. ಆಕೆ "ಹೌದಾ ಸಾಮಿ!" ಅಂದಾಗಲೆಲ್ಲ ಗೋಲಿನ ದೂರ ಹೆಚ್ಚುತ್ತಾ ಹೋಯಿತು. ನಾನು ತಿದ್ದಲು ಹೋಗಲಿಲ್ಲ. ಮಧ್ಯೆ ಮಧ್ಯೆ ನಾನೂ ಒಂದಿಷ್ಟು ಸೇರಿಸಿದೆ.